ತಂಬಿಗೆ ನೆಲ ಮುಟ್ಟುವ ಹೊತ್ತು

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಕಣ್ಣು ಹೋಗಿ ಹನ್ನೆರಡು ವರ್ಷವಾಗಿತ್ತು. ಆದರೂ ಕೆಟ್ಟ ಯಂತ್ರದ ಸದ್ದು ಕೇಳಿಯೇ ಅದರ ಜಡ್ಡು ಹೇಳುತ್ತಿದ್ದರು.

ಶಿಷ್ಯೆ ಮಹಾನಂದಾ ಬಲು ಚುರುಕು, ತುಸು ಅವಸರದವಳು. ಹೋದ ವರ್ಷ ಅಜ್ಜನ ಕೈ ಹಿಡಿದು ಹೊಳೆಗೆ ಇಳಿಸುವಾಗ, ಫೋನು ಬಂತೆಂದು ಒಂದು ಗಳಿಗೆ ಕೈ ಬಿಟ್ಟಳು. ಅಜ್ಜ ಹನ್ನೊಂದನೇ ಮೆಟ್ಟಿಲಿನಿಂದ ಉರುಳಿದರು. ಮುರಿದ ಸೊಂಟ ಕೂಡಿತು, ಆದರೆ ಹೊಳೆಯ ಸ್ನಾನ ತಪ್ಪಿತು. ಅಜ್ಜ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವಳನ್ನು ಕೊರೆಯುತ್ತಿತ್ತು.

ಅದಕ್ಕೇ ಅವಳು ನಾಲ್ಕು ಕಾಲಿನ ಒಂದು ರೋಬಾಟ್ ಕಟ್ಟಿದಳು. ಅದರ ಬೆನ್ನ ಮೇಲಿನ ಹಿಡಿಕೆ ಹಿಡಿದು ಅಜ್ಜ ಯಾರ ಹಂಗೂ ಇಲ್ಲದೆ ಹೊಳೆಗೆ ಇಳಿಯಬೇಕು, ಅದು ಅವಳ ಆಸೆ.

ನಿಜದ ಮೆಟ್ಟಿಲಿಗೆ ಬಿಡುವ ಮೊದಲು ಕಂಪ್ಯೂಟರಿನೊಳಗೆ ಅಂಥದೇ ಯಂತ್ರ, ಅಂಥದೇ ಇಪ್ಪತ್ತೊಂದು ಮೆಟ್ಟಿಲು ಕಟ್ಟಿ ನಡಿಗೆ ಕಲಿಸಿದಳು. ಎರಡು ತಿಂಗಳು ಹಿಡಿಯಿತು.

"ಅಜ್ಜಾರ, ಆತು ನೋಡ್ರಿ. ಇಪ್ಪತ್ತೊಂದೂ ಪಾವಟಿಗಿ ಇಳೀತು. ನಾಳೆ ಮುಂಜಾನೆ ಹೊಳಿಗೆ ಹೋಗೂಣ್ರಿ."

"ಹೆಂಗ ನಡೀತೈತಿ?"

"ಭಾಳ ಗಂಭೀರ ನಡಿಗಿ ಐತ್ರಿ. ಆನಿ ನಡದಂಗ."

"ಮೊದ್ಲ ಬೀಳ್ತಿತ್ತಲ್ಲ?"

"ಬೀಳ್ತಿತ್ರಿ. ಕಾಲು ಜಾರ್ತಿತ್ತು, ಜಾರದಂಗ ಹಿಡಿತ ಹೆಚ್ಚು ಮಾಡಿದೆ. ಮುಗ್ಗರಸ್ತಿತ್ತು, ಮೈಭಾರ ಇಳಿಸಿದೆ. ಈಗ ಏನ್ ಮಾಡಿದ್ರೂ ಬೀಳಂಗಿಲ್ಲ."

"ಏನ್ ಮಾಡಿದ್ರೂ?"

"ಹೌದ್ರಿ."

ಅಜ್ಜ ಗಡ್ಡ ನೀವಿಕೊಂಡರು.

"ಆ ಪೆಟಗಿಯೊಳಗ ಒಂದು ತಂಬಿಗಿ ಹುಟ್ಟಸಾಕ ಬರ್ತೈತೇನು?"

"ಬರ್ತೈತ್ರಿ."

"ಹಂಗಾರ ಅದನ್ನ ಹಿಡಿಕಿ ಎತ್ತರದಿಂದ ಕೆಡವು. ಬಿಟ್ಟಾಗ ಒಂದು ಚಪ್ಪಾಳಿ, ನೆಲ ಮುಟ್ಟಿದಾಗ ಒಂದು ಚಪ್ಪಾಳಿ."

ಅವಳು ಕೆಡವಿ ಚಪ್ಪಾಳೆ ತಟ್ಟಿದಳು. ಒಂದು. ಆಮೇಲೆ ಇನ್ನೊಂದು.

"ಮತ್ತೊಮ್ಮೆ."

ಮತ್ತೊಮ್ಮೆ ತಟ್ಟಿದಳು.

ಅಜ್ಜ ಎದ್ದು, ಮೂಲೆಯಲ್ಲಿ ನಿಂತಿದ್ದ ನಿಜದ ಯಂತ್ರವನ್ನು ತಡವಿ ಹಿಡಿಕೆ ಹುಡುಕಿದರು. ತಮ್ಮ ನೀರಿನ ತಂಬಿಗೆಯನ್ನು ಅಷ್ಟೇ ಎತ್ತರಕ್ಕೆ ಹಿಡಿದರು. ಎಡಗೈಯಲ್ಲಿ ಚಿಟಿಕೆ ಹೊಡೆದು ಬಲಗೈ ಬಿಟ್ಟರು.

ಚಿಟಿಕೆಯ ಬೆನ್ನಿಗೇ ಠಣ್ ಎಂದಿತು. ನೀರು ಚೆಲ್ಲಿ ಮಹಾನಂದಾಳ ಪಾದ ತೋಯ್ದವು.

"ಕೇಳ್ತೇನು?"

ಕೇಳಿತ್ತು. ಪರದೆಯ ತಂಬಿಗೆ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ತೆಗೆದುಕೊಂಡಿತ್ತು. ಎರಡು ತಿಂಗಳು ಕಣ್ಣು ನೆಟ್ಟು ನೋಡಿದರೂ ಇದು ಅವಳಿಗೆ ಕಂಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಒಳಗ ಭೂಮಿ ಸೆಳೆತ ಕಮ್ಮಿ ಬಿದ್ದೈತ್ರಿ. ಒಂದೀಟು ಏರಿಸಿದ್ರ ಆತು."

"ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ." ಅಜ್ಜ ನಕ್ಕರು. "ಭೂಮಿ ತಂಟೆಕ ಹೋಗಬ್ಯಾಡ. ಹಿಡಿಕಿ ಎಷ್ಟು ಎತ್ತರ ಅಂತ ಬರದೀ?"

"ಮೂರು."

"ಮೂರು ಏನು?"

ಅವಳು ಬರೆದ ಅಂಕಿಯನ್ನು ಮತ್ತೆ ನೋಡಿದಳು.

ಮನೆ ಕಟ್ಟುವ ಗೌಂಡಿಯ ಅಳತೆಪಟ್ಟಿ ಹಿಡಿದು ಎಲ್ಲವನ್ನೂ ಅಡಿಯಲ್ಲಿ ಅಳೆದಿದ್ದಳು. ಒಳಗೆ ಬರೀ ಅಂಕಿ ಬರೆದಿದ್ದಳು. ಕಂಪ್ಯೂಟರ್ ಅದನ್ನು ಮೀಟರ್ ಎಂದುಕೊಂಡಿತ್ತು. ಅಲ್ಲಿನ ಯಂತ್ರ ಮನೆಯ ಮಾಳಿಗೆ ಮುಟ್ಟುವಷ್ಟು ಎತ್ತರ, ಮೆಟ್ಟಿಲುಗಳೂ ಅದಕ್ಕೆ ತಕ್ಕ ಹಾಗೆ. ಅಷ್ಟು ಮೇಲಿಂದ ಬಿದ್ದ ತಂಬಿಗೆಗೆ ತಡವಾಗದೆ ಇನ್ನೇನು? ಅಷ್ಟು ದೊಡ್ಡ ಮೈ ನಿಧಾನವಾಗಿಯೇ ತೂಗುತ್ತದೆ; ಅವಳು ಮೆಚ್ಚಿಕೊಂಡ ಆನೆಯ ನಡಿಗೆಯೂ ಆ ತಪ್ಪಿನದೇ.

ಅವಳು ಅಳತೆಗಳನ್ನೆಲ್ಲ ತಿದ್ದಿದಳು. ಹಚ್ಚಿದ್ದ ತೇಪೆಗಳನ್ನು ಒಂದೊಂದಾಗಿ ಕಿತ್ತಳು. ಕಾಲಿನ ಹಿಡಿತ ಮೊದಲಿನಂತಾಯಿತು, ಮೈಭಾರ ಮರಳಿ ಬಂತು. ತಂಬಿಗೆ ಕೆಡವಿ ಚಪ್ಪಾಳೆ ತಟ್ಟಿದಾಗ ಅಜ್ಜ ತಲೆಯಾಡಿಸಿದರು.

ಆಮೇಲೆ ಪರದೆಯೊಳಗಿನ ಯಂತ್ರವನ್ನು ಇಳಿಯಲು ಬಿಟ್ಟಳು.

ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು. ಮೂರನೆಯದರಲ್ಲಿ ಮುಗ್ಗರಿಸಿ ಕೆಳಗಿನವರೆಗೂ ಉರುಳಿತು. ಅವಳ ಬೆರಳು ತಾನಾಗಿಯೇ ಹಿಡಿತದ ಅಂಕಿಯ ಕಡೆಗೆ ಹೋಯಿತು.

ಕೀಲಿಮಣೆಯ ಸದ್ದಿಗೆ ಅಜ್ಜ ಕಿವಿಗೊಟ್ಟರು.

"ಏನ್ ಮಾಡಾಕತ್ತಿ?"

"ಬಿತ್ರಿ. ಎಲ್ಲಾ ಖರೇ ಮಾಡಿದ ಮ್ಯಾಲೂ ಬಿತ್ರಿ. ಇನ್ನ ಎಷ್ಟು ಸಲ ಬೀಳ್ತೈತೋ." ಅವಳು ಪರದೆಯಿಂದ ಮುಖ ತಿರುಗಿಸಿದಳು. "ಅದು ಬೀಳೂದು ನೋಡಾಕ ನನ್ನ ಕೈಲಿ ಆಗೂದಿಲ್ರಿ ಅಜ್ಜಾರ. ನೀವ ಬಿದ್ದಂಗ ಆಗತೈತಿ. ಅವತ್ತ ನಾ ಕೈ ಬಿಡಬಾರದಿತ್ರಿ."

ಒಂದು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು. ಆಡಿಬಿಟ್ಟು ಅವಳು ಬಿಕ್ಕಿದಳು.

ಅಜ್ಜ ತಡವುತ್ತಾ ಬಂದು, ಕೀಲಿಮಣೆಯ ಮೇಲಿದ್ದ ಅವಳ ಕೈಯನ್ನು ಹುಡುಕಿ ಎತ್ತಿ ತಮ್ಮ ಕೈಯೊಳಗೆ ಇಟ್ಟುಕೊಂಡರು.

"ಬೀಳಾಕ ಬಿಡವಾ," ಅಂದರು. "ನಾ ಬೀಳೂದನ್ನೆಲ್ಲಾ ಅದು ಆ ಪೆಟಗಿಯೊಳಗ ಬಿದ್ದು ಮುಗಸ್ಲಿ."