ಲಾಡಸಾಬನ ಹೊತ್ತು

ನೀವು ಯಾರೂ ಹುಟ್ಟಿರದ ಕಾಲದಲ್ಲಿ, ನೇರಳಹಾಳ ಅಂತ ಒಂದೂರಲ್ಲಿ, ಒಬ್ಬ ಡಾಕ್ಟರ್ ಇದ್ದನಂತೆ. ಹೆಸರು ಲಾಡಸಾಬ. ತಾಯಿ ಬೀಬಿಜಾನ್ ಮನೆಮನೆಗೆ ಹೋಗಿ ಬಳೆ ಇಡಿಸುವವಳು. ಮಗ ಓದಿ, ಆಪರೇಷನ್ನಿಗೆ ಮೊದಲು ಜನರನ್ನು ಮಲಗಿಸುವ ಡಾಕ್ಟರಾದ. ಅವನು ಉಫ್ ಎಂದು ಊದಿದರೆ ಸೂಜಿ ಮಲ್ಲಿಗೆ ಎಸಳಾಗುತ್ತಿತ್ತಂತೆ. ಹಾಗೆ ಹೇಳುವವರು ಯಾರೂ ಕಂಡವರಲ್ಲ ಬಿಡಿ.

ಕಂಡವರು ಹೇಳುವುದೇ ಬೇರೆ. ಮೊದಮೊದಲು ಅವನ ಸೂಜಿ ಎಂದರೆ ಊರೇ ನಡುಗುತ್ತಿತ್ತಂತೆ. ನಿದ್ದೆ ಬರಿಸುವ ಹಾಲಿನಂಥ ಔಷಧ ನರದೊಳಗೆ ಹೋಗುವಾಗ ಕೈಯೆಲ್ಲ ಕೆಂಡ ಹರಿದಂತೆ ಉರಿಯುತ್ತಿತ್ತು. ಗಟ್ಟಿ ಗಂಡಸರೂ ‘ಯವ್ವಾ’ ಎಂದು ಚೀರಿಯೇ ನಿದ್ದೆಹೋಗುತ್ತಿದ್ದರು. ಅರೆಗಳಿಗೆಯ ಉರಿ, ಎದ್ದ ಮೇಲೆ ಮರೆತೇಹೋಗುತ್ತದೆ ಎಂದು ಉಳಿದ ಡಾಕ್ಟರುಗಳು ಸಮಾಧಾನ ಹೇಳುತ್ತಿದ್ದರು. ಲಾಡಸಾಬನಿಗೆ ಮಾತ್ರ ಆ ಚೀರು ಕಿವಿಯಿಂದ ಹೋಗದೆ, ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ನೋವು ತಿಳಿಯದಂತೆ ಮಾಡಬೇಕಾದವನು ತಾನೇ ನೋವು ಕೊಟ್ಟರೆ ಹೇಗೆ ಎಂದು ಕೊರಗುತ್ತಿದ್ದನಂತೆ. ಮರಗಟ್ಟಿಸುವ ಔಷಧವನ್ನು ಮೊದಲು ಕೊಟ್ಟು, ಅದರ ಬೆನ್ನಲ್ಲೇ ನಿದ್ದೆಯ ಔಷಧ ಬಿಟ್ಟು ನೋಡಿದ. ಉರಿ ಅಷ್ಟಾಗಿ ತಗ್ಗಲಿಲ್ಲ.

ಆಗ ಬಂದವಳು ಕಲ್ಲವ್ವ, ಕೈಗೂಸಿನ ತಾಯಿ. ಹೊಟ್ಟೆಯಲ್ಲಿ ಗಡ್ಡೆ, ತೆಗೆಯದಿದ್ದರೆ ಅವಳು ಉಳಿಯುವುದಿಲ್ಲ ಎಂದಿದ್ದರು. ಅವಳ ಅಕ್ಕ ಹಿಂದೊಮ್ಮೆ ಇದೇ ಮೇಜಿನ ಮೇಲೆ ಆ ಉರಿ ತಿಂದು ಬಂದು ಊರಿಗೆಲ್ಲ ಹೇಳಿದ್ದಳು. ಹಾಗಾಗಿ ಕಲ್ಲವ್ವ ಬಳೆ ತೆಗೆಯಲೂ ಬಿಡದೆ ಕೈಗಳನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತುಬಿಟ್ಟಳು. ಗಂಡ ಅತ್ತ. ಅತ್ತೆ ಕೂಸನ್ನು ತಂದು ತೋರಿಸಿದಳು.

“ಹೊಟ್ಟಿ ಕೊಯ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಕೈಯಾಗ ಬೆಂಕಿ ಬಿಡಬ್ಯಾಡ್ರಿ,” ಅಂದಳಂತೆ ಕಲ್ಲವ್ವ.

ಲಾಡಸಾಬ ವಾದ ಮಾಡಲಿಲ್ಲ. ಅವಳೆದುರು ನೆಲದ ಮೇಲೆ ಕೂತು, ಬಳೆ ಇಡಿಸುವಾಗ ತನ್ನ ತಾಯಿ ಹಿಡಿಯುತ್ತಿದ್ದ ಹಾಗೇ ಅವಳ ಕೈ ಹಿಡಿದ. ತವರು ಯಾವುದು ಎಂದು ಕೇಳುತ್ತ, ಗಿಣ್ಣುಗಳನ್ನು ಮೆಲ್ಲಗೆ ಒತ್ತುತ್ತ, ಸೋಪಿನ ನೊರೆ ಸವರುತ್ತ ಕೂತ. ಕೈ ಮೆತ್ತಗಾಯಿತು, ಒಂದೂ ಒಡೆಯದೆ ಬಳೆ ಜಾರಿ ಬಂದವು. ಅವಸರ ಮಾಡಿದರೆ ಕೈಯೂ ನೋಯುತ್ತದೆ, ಬಳೆಯೂ ಒಡೆಯುತ್ತದೆ ಎಂದು ತಾಯಿ ಬೈಯುತ್ತಿದ್ದದ್ದು ಆಗ ನೆನಪಾಯಿತಂತೆ. ಮರಗಟ್ಟಿಸುವ ಔಷಧಕ್ಕೆ ಕೆಲಸ ಮಾಡಲು ತಾನು ಪುರುಸೊತ್ತೇ ಕೊಟ್ಟಿರಲಿಲ್ಲವಲ್ಲ ಎಂದು ಹೊಳೆಯಿತಂತೆ.

ಮೇಜಿನ ಮೇಲೆ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದ. ಮರಗಟ್ಟಿಸುವ ಔಷಧವನ್ನು ನರದೊಳಗೆ ಬಿಟ್ಟು, ಅದು ಮುಂದಕ್ಕೆ ಹರಿದುಹೋಗದಂತೆ ಅಲ್ಲೇ ತಡೆದು, ಕೈ ಹಿಡಿದು ನಿಂತ. ಸುತ್ತಲಿದ್ದವರು ಹೊತ್ತಾಯಿತು ಎಂದರೂ ಅಲುಗಲಿಲ್ಲ. ಕೂಸಿನ ಹೆಸರು ಕೇಳಿದ, ಹಲ್ಲು ಬಂದಿದೆಯೇ ಎಂದು ಕೇಳಿದ. ಆಮೇಲೆ ಪಟ್ಟಿ ಬಿಚ್ಚಿ ನಿದ್ದೆಯ ಔಷಧ ಕೊಟ್ಟ.

“ಆ ಬೆಂಕಿ ಯಾವಾಗ ಬಿಡ್ತೀರಿ ಸಾಹೇಬ್ರ?” ಎಂದು ಕೇಳುತ್ತಲೇ ಕಲ್ಲವ್ವ ಕಣ್ಣು ಮುಚ್ಚಿದಳಂತೆ. ಲಾಡಸಾಬನ ಕಣ್ಣು ತುಂಬಿ ಬಂತಂತೆ.

ಗಡ್ಡೆ ಹೋಯಿತು, ಕಲ್ಲವ್ವ ಉಳಿದಳು. ಕೂಸು ಬೆಳೆದು ಮೊಮ್ಮಕ್ಕಳನ್ನು ಕಂಡಿತು.

ಲಾಡಸಾಬ ಮಣ್ಣಾಗಿ ಎಷ್ಟೋ ಕಾಲವಾಯಿತು. ಇಂದಿಗೂ ನೇರಳಹಾಳದ ಆಸ್ಪತ್ರೆಯಲ್ಲಿ ಪಟ್ಟಿ ಬಿಗಿದು ಕಾಯುವ ಆ ಗಳಿಗೆಗೆ ಲಾಡಸಾಬನ ಹೊತ್ತು ಎನ್ನುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಯಾರೂ ಅವಸರ ಮಾಡುವಂತಿಲ್ಲ. ಹೊರಗೆ ಕಾಯುವ ಮನೆಮಂದಿ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರೂ ಹಿಡಿದುಕೊಳ್ಳುತ್ತಾರೆ. ನಿದ್ದೆ ಬಂತು ಎಂದು ಒಳಗಿಂದ ಹೇಳಿಕಳಿಸಿದ ಮೇಲೂ ಕೆಲವರು ಬಿಡುವುದಿಲ್ಲ.