ಉಪ್ಪುದಿಣ್ಣೆಯ ಕಟ್ಟಳೆ

ಮಕ್ಕಳೇ, ಬಿದಿರು ತುಂಬಿದ ಒಂದು ಕಾಡಿನ ನಡುವೆ ಉಪ್ಪುಮಣ್ಣಿನ ದಿಣ್ಣೆ ಇತ್ತು. ಮೈಗೆ ಬೇಕಾದ ಉಪ್ಪಿಗಾಗಿ ಪ್ರಾಣಿಗಳು ಅಲ್ಲಿಗೆ ಬಂದು ಮಣ್ಣು ನೆಕ್ಕುತ್ತಿದ್ದವು. ಜಗಳವಾಗದಿರಲೆಂದು ಎಲ್ಲವೂ ಕೂಡಿ ಒಂದು ಕಟ್ಟಳೆ ಮಾಡಿದ್ದವು: "ನಾಲಿಗೆ ಇರುವ ಎಲ್ಲರಿಗೂ ಇಲ್ಲಿ ಪಾಲುಂಟು." ಅದನ್ನು ಕಾಯುವ ಹೊಣೆ ಮುದಿ ಕಾಡೆಮ್ಮೆಯದು. ಆ ಕಾಡೆಮ್ಮೆಯನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಚಿಪ್ಪುಹಂದಿಯೊಂದು ಮರಿಯನ್ನು ಬಾಲದ ಮೇಲೆ ಕೂರಿಸಿಕೊಂಡು ಬಂತು. ಉಪ್ಪು ಸಿಗದೆ ಅದರ ಕಾಲು ಸೋತಿತ್ತು, ಮರಿಗೆ ಹಾಲು ಸಾಲುತ್ತಿರಲಿಲ್ಲ.

ಕಾಡುಹಂದಿ ದಾರಿಗೆ ಅಡ್ಡ ನಿಂತಿತು. ಅದಕ್ಕೆ ತನ್ನ ಹಲ್ಲಿನ ಮೇಲೆ ಬಹಳ ಜಂಬ.

"ಏನಮ್ಮಾ, ಸವಾರಿ ಎಲ್ಲಿಗೆ?"

"ಉಪ್ಪಿಗೆ, ಅಣ್ಣ."

"ಬಾಯಿ ತೆರೆ, ನೋಡೋಣ. ಅಯ್ಯಯ್ಯೋ! ಹೆಸರಿಗೆ ಹಂದಿ, ಬಾಯಲ್ಲಿ ಒಂದು ಹಲ್ಲೂ ಇಲ್ಲ! ನಡಿ ನಡಿ, ಇರುವೆ ನೆಕ್ಕು ಹೋಗು."

"ನಾನು ಭಿಕ್ಷೆ ಬೇಡುತ್ತಿಲ್ಲ, ಅಣ್ಣ. ನನ್ನ ಪಾಲು ಕೇಳುತ್ತಿದ್ದೇನೆ. ಬಾ, ಅಜ್ಜಿಯ ಮುಂದೆಯೇ ಮಾತಾಡೋಣ."

ಅಜ್ಜಿಯ ಮುಂದೆ ಕಾಡುಹಂದಿ ಎದೆ ಉಬ್ಬಿಸಿತು. "ಅಜ್ಜೀ, ಈ ಕಟ್ಟಳೆ ಹಳತಾಯಿತು. ಮೇಲೂ ಕೆಳಗೂ ಮುಂದಿನ ಹಲ್ಲು ಇರುವವರಿಗೆ ಮಾತ್ರ ಉಪ್ಪು ಎಂದು ಬದಲಾಯಿಸು."

"ಹೌದು, ಹೌದು! ಇಲ್ಲಿ ನೂಕುನುಗ್ಗಲು ಜಾಸ್ತಿಯಾಗಿದೆ," ಎಂದವು ಜಿಂಕೆಗಳು.

"ಸರಿ. ಎಲ್ಲರೂ ಬಾಯಿ ತೆರೆಯಿರಿ," ಎಂದು ಅಜ್ಜಿ ಮೊದಲು ತಾನೇ ಬಾಯಿ ತೆರೆಯಿತು.

ಮೇಲೆ, ಮುಂಭಾಗದಲ್ಲಿ, ಬರೀ ಒಸಡು! ಜಿಂಕೆಗಳೂ ಕಡವೆಗಳೂ ಬಾಯಿ ತೆರೆದವು. ಅವುಗಳದ್ದೂ ಅದೇ ಕತೆ. ಹುಟ್ಟಿನಿಂದಲೇ ಅವಕ್ಕೆ ಅಲ್ಲಿ ಹಲ್ಲಿಲ್ಲ.

"ಆಯಿತಲ್ಲ, ನಾವೆಲ್ಲ ಮನೆಗೆ ಹೋಗೋಣವೇ?" ಎಂದು ಅಜ್ಜಿ ಕೇಳಿತು.

ಜಿಂಕೆಗಳು ತಟ್ಟನೆ ಬಾಯಿ ಮುಚ್ಚಿಕೊಂಡವು. "ಬೇಡಜ್ಜೀ! ಇರುವ ಕಟ್ಟಳೆಯೇ ಇರಲಿ!"

ಕಾಡುಹಂದಿ ಗುರುಗುಟ್ಟಿತು. "ಕಟ್ಟಳೆ ಬರೀ ಮಾತು. ನಾನು ದಾರಿ ಬಿಡದಿದ್ದರೆ?"

"ಬಿಡಿಸಲು ನಾವಿದ್ದೇವೆ," ಎಂದು ಅಜ್ಜಿ ಕೊಂಬು ತಗ್ಗಿಸಿತು. ಕಡವೆಗಳು ಒಂದೊಂದಾಗಿ ಚಿಪ್ಪುಹಂದಿಯ ಎಡಬಲಕ್ಕೆ ಬಂದು ನಿಂತವು. ನಾಚಿಕೊಂಡ ಜಿಂಕೆಗಳೂ ಬಂದವು.

ಕಾಡುಹಂದಿ ಹಿಂದೆ ಸರಿಯಿತು.

"ಅನ್ಯಾಯಕ್ಕೆ ಒಳಗಾದವರು ಮೊದಲು ನೆಕ್ಕಲಿ," ಎಂದಿತು ಅಜ್ಜಿ. "ಹಂದಿರಾಯ, ನಿನ್ನ ಪಾಲನ್ನು ಯಾರೂ ಕಸಿಯುವುದಿಲ್ಲ. ಆದರೆ ಇವತ್ತು ನೀನು ಕೊನೆಯವನು."

ಚಿಪ್ಪುಹಂದಿ ತಲೆಯೆತ್ತಿ ದಿಣ್ಣೆ ಹತ್ತಿತು. ಕಾಡೆಲ್ಲ "ಹೋ!" ಎಂದು ಕೂಗಿತು. ಕೆಲವೇ ದಿನಗಳಲ್ಲಿ ಅದರ ಮರಿ ಹೊಟ್ಟೆ ತುಂಬ ಹಾಲು ಕುಡಿಯತೊಡಗಿತು.

ನೀತಿ: ಹಕ್ಕು ಬಲಶಾಲಿಗಳು ಕೊಡುವ ದಾನವಲ್ಲ, ಒಬ್ಬರ ಹಕ್ಕನ್ನು ಕಾಯದ ಕಾನೂನು ಯಾರ ಹಕ್ಕನ್ನೂ ಕಾಯಲಾರದು.