ಹೊಸ ಟೈರು ಮುಂದಕ್ಕೋ ಹಿಂದಕ್ಕೋ

“ಗುರುಗಳೇ, ಮೊದಲು ಮಾತನ್ನು ತಿದ್ದಿಕೊಳ್ಳಲೇ, ಮನಸ್ಸನ್ನು ತಿದ್ದಿಕೊಳ್ಳಲೇ?”

ಕೇಳಿದವನು ಸಿದ್ಧಬಸವ. ಹನ್ನೆರಡು ವರ್ಷ ಮಠದಲ್ಲಿದ್ದು ಓದಿದವನು. ಬರುವ ತಿಂಗಳಿಂದ ಶಾಖಾಮಠದಲ್ಲಿ ದಿನವೂ ಪ್ರವಚನ ಮಾಡುವ ಹೊಣೆ ಅವನ ಹೆಗಲಿಗೆ ಬಿದ್ದಿತ್ತು. ಎರಡನ್ನೂ ಒಟ್ಟಿಗೆ ತಿದ್ದಿಕೊಳ್ಳುವಷ್ಟು ಸಮಯವಿರಲಿಲ್ಲ. ಜನರನ್ನು ಮೊದಲು ಮುಟ್ಟುವುದು ಮಾತು, ಆದ್ದರಿಂದ ಮಾತೇ ಮೊದಲು ಎಂದು ಅವನು ಆಗಲೇ ತೀರ್ಮಾನಿಸಿದ್ದ. ಅದನ್ನೂ ಗುರುಗಳಿಗೆ ಹೇಳಿದ.

“ತೀರ್ಮಾನ ಮಾಡಿಕೊಂಡು ಕೇಳಲು ಬಂದಿದ್ದೀಯ,” ಎಂದರು ಗುರುಗಳು. “ಹಾಗೆ ಬರುವವರೇ ಜಾಸ್ತಿ. ಕೂತುಕೋ. ನಿನ್ನಂಥವನೇ ಒಬ್ಬನ ಕತೆ ಹೇಳುತ್ತೇನೆ.”

ಗುರುಗಳು ಹೇಳಿದ ಕತೆ ಇದು.

ಬಯಲುಸೀಮೆಯ ಊರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದ. ಬಾವಿಯ ಹಗ್ಗದಿಂದ ಹಿಡಿದು ಲಾರಿಯ ಸರಕು ಬಿಗಿಯುವ ಹಗ್ಗದವರೆಗೆ ಎಲ್ಲವೂ ಅವನ ಅಂಗಡಿಯಲ್ಲಿ ಸಿಗುತ್ತಿತ್ತು. ಹಗ್ಗ ಒಳ್ಳೆಯದೋ ಕೆಟ್ಟದ್ದೋ ಎಂದು ಅವನು ಕಣ್ಣಿನಿಂದ ನೋಡುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಒಂದು ಮಾರು ಎಳೆದುಬಿಟ್ಟರೆ ಸಾಕು. ಎಲ್ಲಿ ಎಳೆ ಸಡಿಲವಾಗಿದೆ, ಎಲ್ಲಿ ಹಳೆಯ ನಾರು ಸೇರಿಸಿ ಹೊಸೆದಿದ್ದಾರೆ, ಎಲ್ಲ ತಿಳಿದುಬಿಡುತ್ತಿತ್ತು. ಮೂವತ್ತು ವರ್ಷದಲ್ಲಿ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪದ ಕೈ ಇರುವವನಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ. ಅವನಿಗೂ ಹಾಗೇ ಆಗಿತ್ತು. ಕೈಗೆ ತಿಳಿಯದ್ದು ಇಲ್ಲವೇ ಇಲ್ಲ ಎಂದು ಅವನ ನಂಬಿಕೆ.

ವ್ಯಾಪಾರಿಗೆ ಒಬ್ಬಳು ಅಕ್ಕ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು, ಮೈಯ ರಕ್ತವನ್ನೆಲ್ಲ ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡಬೇಕು ಎಂದರು ವೈದ್ಯರು. ಅವಳಿಗೆ ಜಾಗ ಸಿಕ್ಕಿದ್ದು ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ. ಒಂದು ಸರದಿ ತಪ್ಪಿದರೆ ಅವಳ ಕಾಲು ಬಾತುಕೊಳ್ಳುತ್ತಿತ್ತು, ಉಸಿರಾಡುವುದೂ ಕಷ್ಟವಾಗುತ್ತಿತ್ತು. ಎರಡು ತಪ್ಪಿದರೆ ಜೀವ ಉಳಿಯುವುದೇ ಅನುಮಾನ. ನಾನಿರುವ ತನಕ ಅಕ್ಕನ ಒಂದು ಸರದಿಯೂ ತಪ್ಪಬಾರದು ಎಂದು ವ್ಯಾಪಾರಿ ಪಣ ತೊಟ್ಟ. ಅದಕ್ಕಾಗಿಯೇ ಒಂದು ಸಣ್ಣ ಕಾರು ತಂದ. ಬೇಕಾದಾಗ ಮಲಗಲೆಂದು ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವಾರಕ್ಕೆ ಎರಡು ಸಲ ಘಟ್ಟ ಇಳಿದು ಹತ್ತುತ್ತಿದ್ದ.

ಆ ದಾರಿಯೋ ಒಂದೇ ದಿನದಲ್ಲಿ ಎರಡು ಕಾಲ ತೋರಿಸುವ ದಾರಿ. ಮೊದಲ ಅರ್ಧ ಬಯಲು. ಬಿಸಿಲಿಗೆ ಟಾರು ಕಾದು ರಸ್ತೆಯ ಮೇಲೆ ಉರಿ ಆಡುತ್ತಿತ್ತು. ಉಳಿದರ್ಧ ಘಟ್ಟ. ಅಲ್ಲಿ ಯಾವ ಹೊತ್ತಿಗೆ ಮಳೆ ಬರುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಹೀಗೆ ಎರಡು ವರ್ಷ ಓಡಿ ಕಾರಿನ ಮುಂದಿನ ಎರಡು ಟೈರುಗಳು ಗೀರೆಲ್ಲ ಸವೆದು ಬೋಳಾದವು. ಹಿಂದಿನವು ಅರ್ಧಕ್ಕಿಂತ ಹೆಚ್ಚು ಸವೆದಿದ್ದವು.

ವ್ಯಾಪಾರಿ ಟೈರು ಆರಿಸಲು ಹೊರಟ. ಅಕ್ಕನ ಕಾರಿಗೆ ಹಾಕುವ ಟೈರು, ಕಣ್ಣುಮುಚ್ಚಿ ತರುವುದುಂಟೇ. ಕಾರು ಓಡಿಸುವವರನ್ನೆಲ್ಲ ಹಿಡಿದು ವಿಚಾರಿಸಿದ. ಪಕ್ಕದ ಕಬ್ಬಿಣದ ಅಂಗಡಿಯವನು, ರಬ್ಬರು ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಬಾಳುವುದಿಲ್ಲ ಎಂದ. ಕರಾವಳಿಯಿಂದ ಮೀನು ತರುವ ವ್ಯಾನಿನವನು, ರಬ್ಬರು ಮೆದುವಾಗಿರಬೇಕು, ಇಲ್ಲದಿದ್ದರೆ ನಮ್ಮ ಮಳೆಗೆ ಹಿಡಿಯುವುದಿಲ್ಲ ಎಂದ. ಜೀಪು ಇಟ್ಟುಕೊಂಡ ಒಬ್ಬ ಮಹಾನುಭಾವ, ಜೀಪಿನ ಟೈರಿನಂಥದ್ದನ್ನೇ ಹಾಕಿಸು ಎಂದ. ಅದು ಆ ಸಣ್ಣ ಕಾರಿಗೆ ಕೂರುವುದೇ ಇಲ್ಲ ಎಂದು ಅವನಿಗೆ ಹೊಳೆದಿರಲಿಲ್ಲ. ಎಲ್ಲರೂ ತಂತಮ್ಮ ಮನೆಯ ಮುಂದಿನ ರಸ್ತೆಗೆ ಟೈರು ಆರಿಸಿ ಕೊಟ್ಟರು. ವ್ಯಾಪಾರಿ ದಡ್ಡನಲ್ಲ, ಅದು ಅವನಿಗೆ ಗೊತ್ತಾಯಿತು. ತನಗೆ ಬೇಕಾದದ್ದು ಎರಡೂ ಕಾಲಕ್ಕೆ ಆಗುವಂಥದ್ದು ಎಂದು ನಿಶ್ಚಯಿಸಿ ಪೇಟೆಯ ದೊಡ್ಡ ಟೈರ್ ಅಂಗಡಿಗೆ ಹೋದ.

ಅಲ್ಲಿ ತನ್ನ ಕಾರಿನ ಅಳತೆಯ ಟೈರುಗಳನ್ನೆಲ್ಲ ಇಳಿಸಿ ಒಂದೊಂದರ ಮೇಲೂ ಅಂಗೈ ಆಡಿಸಿದ. ಕೆಲವು ಕೈಗೆ ಕಲ್ಲಿನಷ್ಟು ಗಟ್ಟಿಯಾಗಿದ್ದವು. ಕೆಲವನ್ನು ಒತ್ತಿದರೆ ಹೆಬ್ಬೆರಳು ತಗ್ಗುತ್ತಿತ್ತು. ಕೊನೆಗೆ ಒಂದು ಜಾತಿಯ ಟೈರು ಅವನ ಕೈಗೆ ಒಪ್ಪಿತು. ನೀರು ಹರಿದುಹೋಗಲು ಉದ್ದುದ್ದ ಗೀರುಗಳಿದ್ದವು. ರಬ್ಬರು ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ, ಅಂಗೈಗೆ ಅಂಟಿಕೊಳ್ಳುವ ಹಾಗಿತ್ತು. ಅಂಗಡಿಯವನೂ ತಲೆದೂಗಿದ. ಆದರೆ ಆ ಜಾತಿಯದ್ದು ಅಂಗಡಿಯಲ್ಲಿ ಇದ್ದದ್ದು ಎರಡೇ. ಇನ್ನೆರಡು ಬರಲು ಎಂಟು ದಿನ ಬೇಕು. ಅಕ್ಕನ ಸರದಿ ಮರುದಿನವೇ ಇತ್ತು.

“ಎರಡೇ ಸಾಕು,” ಎಂದ ವ್ಯಾಪಾರಿ. “ಬೋಳಾಗಿರೋದು ಮುಂದಿನವು ತಾನೇ.”

“ಹೊಸವನ್ನ ಹಿಂದಕ್ಕೆ ಹಾಕ್ತೀನಿ ಯಜಮಾನ್ರೇ,” ಎಂದ ಅಂಗಡಿಯವನು. “ಹಿಂದಿನ ಹಳೇವು ಮುಂದಕ್ಕೆ ಬರಲಿ. ನೀವು ಮಳೇಲಿ ಘಟ್ಟ ಇಳಿಯೋರು.”

“ಎಳೆಯೋದು ಮುಂದಿನ ಚಕ್ರ, ತಿರುಗೋದು ಮುಂದಿನ ಚಕ್ರ. ಹಿಂದಿನದು ಸುಮ್ನೆ ಹಿಂದೆ ಬರುತ್ತೆ, ಅದಕ್ಯಾಕಯ್ಯ ಹೊಸದು?”

“ಯಾಕೆ ಅಂತ ಹೇಳ್ತೀನಿ ಕೇಳಿ.”

“ಹಗ್ಗ ಮಾರೋನಿಗೆ ಯಾವ ತುದಿ ಹಿಡೀಬೇಕು ಅಂತ ಹೇಳಿಕೊಡ್ಬೇಡಪ್ಪ. ಮುಂದಕ್ಕೆ ಹಾಕು.”

ಅಂಗಡಿಯವನು ಇನ್ನೂ ಒಂದೆರಡು ಸಲ ಬಾಯಿ ತೆರೆದ. ವ್ಯಾಪಾರಿ ಆಗಲೇ ರಸ್ತೆಯ ಕಡೆ ನೋಡುತ್ತಿದ್ದ. ಬೇಡವೆಂದವರಿಗೆ ಎಷ್ಟು ಹೊತ್ತು ಬುದ್ಧಿ ಹೇಳಿಯಾನು. ಹೇಳಿದಂತೆ ಮುಂದಕ್ಕೇ ಹಾಕಿ, ಗಾಳಿ ನೋಡಿ ಕಳಿಸಿದ.

ಮರುದಿನ ಅಕ್ಕನನ್ನು ಕರೆದುಕೊಂಡು ಹೊರಟ. ಬಯಲು ದಾಟುವ ತನಕ ಕಾರು ಹೂವಿನ ಹಾಗೆ ಹೋಯಿತು. ಘಟ್ಟದ ಬಾಯಿಗೆ ಬರುತ್ತಿದ್ದಂತೆ ಮಳೆ ಹಿಡಿಯಿತು. ಬೇರೆ ದಿನವಾಗಿದ್ದರೆ ಅವನು ಹೆದರುತ್ತಿದ್ದ. ಅಂದು ಸ್ಟಿಯರಿಂಗು ಅವನ ಕೈಯಲ್ಲಿ ಹೊಸದಾಗಿ ಹೊಸೆದ ಹಗ್ಗದಷ್ಟು ಬಿಗಿಯಾಗಿತ್ತು. ತಿರುಗಿಸಿದಷ್ಟು ತಿರುಗುತ್ತಿತ್ತು. ಒಂದೆಳೆಯೂ ಸಡಿಲವಿಲ್ಲ ಎಂದು ಕೈ ಹೇಳುತ್ತಿತ್ತು. ನೋಡಿದೆಯಾ, ನಾನು ಹೇಳಿದ್ದೇ ಸರಿ ಎಂದು ಮನಸ್ಸಿನಲ್ಲೇ ಅಂಗಡಿಯವನಿಗೆ ಹೇಳಿಕೊಂಡ. ಎಂದಿಗಿಂತ ಸ್ವಲ್ಪ ಜೋರಾಗಿಯೇ ಇಳಿದ.

ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ದಾರಿ ಬಿಟ್ಟಿತು. ಅವನ ಕೈಯಲ್ಲಿ ಸ್ಟಿಯರಿಂಗು ಬಿಗಿಯಾಗಿರುವಂತೆಯೇ ಕಾರು ಅಚ್ಚಿನ ಸುತ್ತ ಚಕ್ರ ತಿರುಗಿದಂತೆ ತಿರುಗಿತು. ಕಣ್ಣು ಬಿಟ್ಟಾಗ ಅದು ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಹಿಂದಿನ ಚಕ್ರಗಳು ಗುಡ್ಡದ ಬದಿಯ ಚರಂಡಿಗೆ ಇಳಿದಿದ್ದವು. ರಸ್ತೆಯ ಇನ್ನೊಂದು ಬದಿಯಲ್ಲಿ ಕಣಿವೆ. ಆ ಕಡೆಗೆ ತಿರುಗಿದ್ದರೆ ಈ ಕತೆ ಇಷ್ಟಕ್ಕೇ ಮುಗಿಯುತ್ತಿತ್ತು.

“ಅಕ್ಕಾ, ಪೆಟ್ಟಾಯ್ತಾ?”

“ಇಲ್ಲ ಕಣೋ. ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಮೂರು ತಿರುವಿನಿಂದ ಹಿಂದ್ಗಡೆ ಜಾರ್ತಾನೇ ಇತ್ತಲ್ಲ.”

“ಹೇಳ್ಬಾರ್ದಾಗಿತ್ತಾ?”

“ಸ್ಟಿಯರಿಂಗ್ ಹಿಡಿದಿರೋನು ನೀನು. ನಿಂಗೆ ಗೊತ್ತಿಲ್ದೇ ಇರುತ್ತಾ ಅಂದ್ಕೊಂಡೆ.”

“ನನ್ನ ಕೈಗೆ ಏನೂ ತಿಳೀಲಿಲ್ಲ ಅಕ್ಕಾ,” ಎಂದ ವ್ಯಾಪಾರಿ. ಆ ಮಾತು ಹೇಳುವಾಗ ಅವನಿಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ತನ್ನನ್ನು ಬೆಳೆಸಿದವಳನ್ನು ಸವೆದ ಟೈರಿನ ಮೇಲೆ ಕೂರಿಸಿ, ಹೊಸದನ್ನು ತನ್ನ ಕೈಯ ಸುಖಕ್ಕೆ ಇಟ್ಟುಕೊಂಡಿದ್ದ. ಅಂಗಡಿಯವನು ಹೇಳಲು ಬಂದದ್ದು ಏನೆಂದು ಅವನಿಗೆ ಈಗ ತಿಳಿಯಿತು. ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗು ಹಗುರವಾಗುತ್ತದೆ. ಕೈ ಎಚ್ಚರವಾಗುತ್ತದೆ, ಕಾಲು ವೇಗ ಇಳಿಸುತ್ತದೆ. ಹಿಂದಿನ ಚಕ್ರದ ಸುದ್ದಿ ಕೈಗೆ ಬರುವುದೇ ಇಲ್ಲ. ಬರುವ ಹೊತ್ತಿಗೆ ಕಾರೇ ತಿರುಗಿರುತ್ತದೆ.

ಘಟ್ಟ ಹತ್ತುತ್ತಿದ್ದ ಒಂದು ಬಸ್ಸಿನ ಜನ ಇಳಿದು, ಕಾರನ್ನು ಚರಂಡಿಯಿಂದ ಎತ್ತಿ, ರಸ್ತೆ ಅಗಲವಾದ ಸಮತಟ್ಟು ಜಾಗಕ್ಕೆ ತಳ್ಳಿಕೊಟ್ಟರು. “ವಾಪಸ್ ಹೋಗಿಬಿಡಿ, ಒಂದು ದಿನ ಬಿಟ್ರೆ ಏನಾಗುತ್ತೆ,” ಎಂದು ಬುದ್ಧಿಯನ್ನೂ ಹೇಳಿದರು. ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂದು ಬಸ್ಸಿನವರಿಗೂ ಅಲ್ಲ, ತಮ್ಮನಿಗೂ ಅಲ್ಲ, ಆ ಅಕ್ಕನ ಮೈಗೆ ಮಾತ್ರ ಗೊತ್ತಿತ್ತು. ವ್ಯಾಪಾರಿ ಗಡಿಯಾರ ನೋಡಿದ. ಹನ್ನೊಂದೂವರೆ. ಆಸ್ಪತ್ರೆಯವರು ಎರಡು ಗಂಟೆಯ ತನಕ ಯಂತ್ರ ಕಾದಿರಿಸುತ್ತಾರೆ. ಕೆಳಗಿನ ದಾರಿ ನಲವತ್ತು ನಿಮಿಷದ್ದು. ಹಿಂದಕ್ಕೆ ಹೋಗುವ ಮಾತಿಲ್ಲ, ಇದೇ ಚಕ್ರಗಳಲ್ಲಿ ಮುಂದಕ್ಕೆ ಹೋಗುವ ಮಾತೂ ಇಲ್ಲ ಎಂದು ಅವನು ನಿರ್ಧರಿಸಿದ.

ಡಿಕ್ಕಿಯಿಂದ ಜಾಕು ಮತ್ತು ಸ್ಟೆಪ್ನಿ ಚಕ್ರ ಇಳಿಸಿದ. ಚಕ್ರಗಳಿಗೆ ಕಲ್ಲು ಒಡ್ಡಿದ. ಮುಂದಿನ ಹೊಸ ಚಕ್ರ ಬಿಚ್ಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕಿದ. ಹಿಂದಿನ ಹಳೆಯ ಚಕ್ರ ಬಿಚ್ಚಿ ಹೊಸದನ್ನು ಹಾಕಿದ. ಮತ್ತೆ ಮುಂದಕ್ಕೆ ಬಂದು ಸ್ಟೆಪ್ನಿ ತೆಗೆದು ಹಳೆಯದನ್ನು ಕೂರಿಸಿದ. ಒಂದು ಬದಿ ಮುಗಿಯಿತು. ಇನ್ನೊಂದು ಬದಿಗೂ ಅಷ್ಟೇ ಕೆಲಸ. ಅಕ್ಕ ಕೊಡೆ ಹಿಡಿದು ಕಟ್ಟೆಗಲ್ಲಿನ ಮೇಲೆ ಕೂತು, ಅವನು ಬಿಚ್ಚಿಕೊಟ್ಟ ನಟ್ಟುಗಳನ್ನು ಮಡಿಲಲ್ಲಿ ಹಾಕಿಕೊಂಡಳು. ಒಂದೊಂದೇ ಎಣಿಸಿ ಕೊಟ್ಟಳು. ಒಂದು ನಟ್ಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅಂಗೈ ಸುಲಿದು ರಕ್ತ ಬಂತು. ಆಗ ಅವನು ಸ್ಪ್ಯಾನರಿನ ಮೇಲೆ ಹತ್ತಿ ನಿಂತು ತುಳಿದ. ನಟ್ಟು ತಿರುಗಿತು.

ಒಂದು ಗಂಟೆಗೆ ಕೆಲಸ ಮುಗಿಯಿತು. ಮೈಯೆಲ್ಲ ಕೆಸರು. ಅಕ್ಕನನ್ನು ಕೂರಿಸಿಕೊಂಡು ನಿಧಾನವಾಗಿ ಇಳಿಯತೊಡಗಿದ. ಒಂದು ತಿರುವಿನಲ್ಲಿ ಸ್ಟಿಯರಿಂಗು ಹಗುರವಾದಂತೆ ಕೈಗೆ ತಿಳಿಯಿತು. ಕಾಲು ಎತ್ತಿದ. ಹಿಡಿತ ಮರಳಿತು. ಆದರೂ ಅವನಿಗೆ ನೆಮ್ಮದಿಯಿಲ್ಲ. ಪ್ರತಿ ತಿರುವು ದಾಟಿದ ಮೇಲೂ “ಅಕ್ಕಾ, ಹಿಂದೆ ಹೇಗಿದೆ?” ಎಂದು ಕೇಳಿದ. ಅವಳು ಮೊದಮೊದಲು ಸರಿಯಾಗಿದೆ ಎಂದಳು, ಆಮೇಲೆ ಹೂಂ ಎಂದಳು, ಕೊನೆಗೆ “ನಿದ್ದೆ ಮಾಡೋಕೆ ಬಿಡ್ತೀಯೋ ಇಲ್ವೋ,” ಎಂದು ಗದರಿ ಸೀಟಿಗೆ ಒರಗಿ ಮಲಗಿದಳು. ಎರಡು ಗಂಟೆಗೆ ಹದಿನೈದು ನಿಮಿಷ ಇರುವಾಗ ಅವನು ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಎಬ್ಬಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಸಿದ್ಧಬಸವ ತಲೆ ತಗ್ಗಿಸಿ ಯೋಚಿಸಿದ. ಅವನು ಮಾಡಿಕೊಂಡು ಬಂದಿದ್ದ ತೀರ್ಮಾನ ಬುಡಮೇಲಾಗಿತ್ತು. ಆದರೆ ಅವನೂ ಹಠವಾದಿ, ಕೂಡಲೇ ಹೊಸದೊಂದು ತೀರ್ಮಾನ ಮಾಡಿದ.

“ಮಾತು ಮುಂದಿನ ಚಕ್ರ, ಮನಸ್ಸು ಹಿಂದಿನದು. ಹಾಗಾದರೆ ಮನಸ್ಸನ್ನೇ ಮೊದಲು ತಿದ್ದಿಕೊಳ್ಳುತ್ತೇನೆ,” ಎಂದ. “ಆದರೆ ಆ ವ್ಯಾಪಾರಿಯ ಕಷ್ಟ ನನಗಿಲ್ಲ ಗುರುಗಳೇ. ಮನಸ್ಸು ನನ್ನದೇ ಅಲ್ಲವೇ? ಅದು ಜಾರಿದರೆ ನನಗೆ ಗೊತ್ತಾಗುತ್ತದೆ.”

“ಗೊತ್ತಾಗುವುದಿಲ್ಲಪ್ಪ,” ಎಂದರು ಗುರುಗಳು. “ಅದು ಜಾರುವಾಗಲೂ ನಿನ್ನ ಮಾತು ನೆಟ್ಟಗೇ ಇರುತ್ತದೆ.”